ದುವಾಗೆ ಜಗಳ, ಇವಾರಾಗೆ ಲೈಕು: ಹೆಣ್ಣು ಮಗುವಿನ ಹೆಸರಲ್ಲಿ ನಮಗೆ ಕೇಳಿಸುವುದೇನು?

2024ರ ನವೆಂಬರ್ 1, ದೀಪಾವಳಿ ಹಬ್ಬದ ಹೊತ್ತು. ದೀಪಿಕಾ ಪಡುಕೋಣೆ ಮತ್ತು ರಣವೀರ್ ಸಿಂಗ್ ತಮ್ಮ ಮಗಳ ಪುಟ್ಟ ಪಾದಗಳ ಫೋಟೊ ಹಾಕಿ ಹೆಸರು ತಿಳಿಸಿದರು: ದುವಾ ಪಡುಕೋಣೆ ಸಿಂಗ್. ದುವಾ ಅಂದರೆ ಪ್ರಾರ್ಥನೆ, ನಮ್ಮ ಪ್ರಾರ್ಥನೆಗೆ ಸಿಕ್ಕ ಉತ್ತರ ಇವಳು ಅಂತ ಜೊತೆಗೆ ಬರೆದಿದ್ದರು. ನೋಡನೋಡುತ್ತಿದ್ದಂತೆ ಕಾಮೆಂಟುಗಳು ಎರಡು ಪಾಲಾದವು. ‘ಎಷ್ಟು ಮುದ್ದಾದ ಹೆಸರು’ ಅಂದವರು ಒಂದು ಕಡೆ. ‘ಪ್ರಾರ್ಥನಾ ಅಂತಲೇ ಇಡಬಹುದಿತ್ತಲ್ಲ, ಅರಬ್ಬಿ ಪದ ಯಾಕೆ?’ ಅಂದವರು ಇನ್ನೊಂದು ಕಡೆ.

ಐದೂವರೆ ತಿಂಗಳು ಕಳೆಯಿತು. 2025ರ ಏಪ್ರಿಲ್ 18ರಂದು, ಸುರತ್ಕಲ್‌ನಲ್ಲಿ ಆಡಿ ಬೆಳೆದ ಕ್ರಿಕೆಟಿಗ ಕೆ.ಎಲ್. ರಾಹುಲ್ ಮತ್ತು ನಟಿ ಆಥಿಯಾ ಶೆಟ್ಟಿ ತಮ್ಮ ಮಗಳ ಹೆಸರು ಹೇಳಿದರು: ಇವಾರಾ. ಅರ್ಥ, ದೇವರ ಉಡುಗೊರೆ. ಈ ಸಲ ದೊಡ್ಡ ಗಲಾಟೆ ಏನೂ ಆಗಲಿಲ್ಲ. ಹೃದಯದ ಇಮೋಜಿಗಳು ಬಂದವು, ಹಾರೈಕೆಗಳು ಬಂದವು, ಅಷ್ಟೇ.

ಈಗ ತಮಾಷೆ ನೋಡಿ. ದುವಾ ಪದದ ಅರ್ಥ ಯಾವ ಉರ್ದು ನಿಘಂಟು ತೆರೆದರೂ ಸಿಗುತ್ತದೆ. ಅದೇ ಇವಾರಾ ಪದವನ್ನು ಸಂಸ್ಕೃತ ಅಥವಾ ಕನ್ನಡ ನಿಘಂಟಿನಲ್ಲಿ ಹುಡುಕಿದರೆ ‘ದೇವರ ಉಡುಗೊರೆ’ ಸಿಗುವುದಿಲ್ಲ. ಅರ್ಥ ಖಚಿತವಾಗಿರುವ ಹೆಸರಿಗೆ ಬೈಗುಳ, ನಿಘಂಟಿನಲ್ಲಿ ಇಲ್ಲದ ಹೆಸರಿಗೆ ಲೈಕು. ‘ಹೆಸರಿಗೆ ಒಳ್ಳೆಯ ಅರ್ಥ ಇರಬೇಕು’ ಎಂದು ಎಲ್ಲರೂ ಹೇಳುವ ನಾಡಿನಲ್ಲಿ ಹೀಗೆ ಹೇಗಾಯಿತು? ಜಗಳ ಆಡುವಾಗ ಬಾಯಲ್ಲಿ ‘ಅರ್ಥ’ ಇರುತ್ತದೆ. ಕಿವಿ ತೂಗಿ ನೋಡುವುದು ಬೇರೆ ಏನನ್ನೋ.

ಯಾರು ಏನು ಹೇಳುತ್ತಿದ್ದಾರೆ

ದುವಾ ಹೆಸರನ್ನು ಒಪ್ಪದವರ ವಾದವನ್ನು ಸುಮ್ನೆ ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲೂ ಒಂದು ತರ್ಕವಿದೆ. ನಮ್ಮ ದೇಶದಲ್ಲಿ ಹೆಸರು ಕೇಳಿದ ಕೂಡಲೇ ಜಾತಿ, ಧರ್ಮ, ಊರು, ವಯಸ್ಸು ಎಲ್ಲ ಅಂದಾಜಾಗುತ್ತದೆ. ಹಾಗಾಗಿ ಹೆಸರು ಒಂದು ಗುರುತಿನ ಚೀಟಿ ಇದ್ದಂತೆ. ನಮ್ಮಲ್ಲೇ ಅದೇ ಅರ್ಥದ ಪದ ಇರುವಾಗ ಬೇರೆ ಪದಕ್ಕೆ ಯಾಕೆ ಕೈಚಾಚಬೇಕು ಅನ್ನುವುದು ಅವರ ಪ್ರಶ್ನೆ. ಅದರ ಜೊತೆಗೆ, ಸಿನಿಮಾ ಮನೆಯ ಹೆಸರುಗಳನ್ನು ಜನ ನಕಲು ಮಾಡುತ್ತಾರೆ. ಇವತ್ತು ಒಬ್ಬರ ಮನೆಯ ತೊಟ್ಟಿಲಲ್ಲಿ ಇದ್ದದ್ದು ನಾಳೆ ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಇರುತ್ತದೆ.

ಒಪ್ಪಿದವರ ವಾದ ಚಿಕ್ಕದು. ಮಗು ಅವರದ್ದು, ಹೆಸರೂ ಅವರದ್ದು. ಹಿಂದಿ ಸಿನಿಮಾ ಹಾಡುಗಳಲ್ಲಿ ದುವಾ ಪದ ಕೇಳಿ ಕೇಳಿ ಅದು ಯಾವ ಒಂದು ಧರ್ಮದ್ದೂ ಆಗಿ ಉಳಿದಿಲ್ಲ ಎಂಬುದು ಅವರ ಮಾತು.

ಕರ್ನಾಟಕದಿಂದ ನೋಡಿದರೆ ಮೂರನೆಯ ವಾದವೂ ಒಂದಿದೆ. ಪ್ರಾರ್ಥನಾ ಮಾತ್ರ ಎಲ್ಲಿಯ ಕನ್ನಡ? ಅದೂ ಸಂಸ್ಕೃತದಿಂದ ಬಂದದ್ದೇ ಅಲ್ವಾ? ಅಚ್ಚ ಕನ್ನಡದ ಹೆಸರೇ ಬೇಕು ಅನ್ನುವವರಿಗೆ ಎರಡೂ ಹೊರಗಿನವೇ. ಹಾಗಾದರೆ ಈ ಅರ್ಥಕ್ಕೆ ಹತ್ತಿರದ ಕನ್ನಡ ಪದ ಯಾವುದು? ಮೊರೆ ಇದೆ. ಹರಕೆ ಇದೆ. ‘ಹರಸು’ ಎಂಬುದರ ಬಳಗದ್ದೇ ಆದ ಹರಕೆಗೆ ಆಶೀರ್ವಾದ ಎಂಬ ಅರ್ಥವೂ ಉಂಟು. ಚೆಂದದ ಅರ್ಥ. ಆದರೂ ಯಾವ ಅಜ್ಜಿ ಮೊಮ್ಮಗಳನ್ನು ‘ಹರಕೆ, ಬಾ ಇಲ್ಲಿ’ ಎಂದು ಕರೆದಾಳು? ಆ ಪದ ಕೇಳಿದ ತಕ್ಷಣ ಬೆನ್ನಿಗೇ ಕುರಿ ಬಂದು ನಿಲ್ಲುತ್ತದೆ, ಹರಕೆಯ ಕುರಿ. ಇನ್ನು ಮೊರೆ ಅಂದರೆ ಅಳುವಿನ ಸದ್ದು.

ಪ್ರಾರ್ಥನಾ, ದುವಾ, ಹರಕೆ. ಅರ್ಥ ಹೆಚ್ಚುಕಡಿಮೆ ಒಂದೇ. ಒಂದು ಶಾಲೆಯ ಬೆಳಗಿನ ಸಾಲು ನೆನಪಿಸುತ್ತದೆ, ಒಂದು ಮಸೀದಿಯನ್ನೋ ಹಿಂದಿ ಹಾಡನ್ನೋ ನೆನಪಿಸುತ್ತದೆ, ಒಂದು ಜಾತ್ರೆಯ ಕುರಿಯನ್ನು. ಜನ ಆರಿಸುವುದು, ಬೈಯುವುದು, ಮೆಚ್ಚುವುದು ಈ ನೆನಪುಗಳನ್ನು.

ತೈಮೂರ್ ಗಲಾಟೆಗೂ ಇದಕ್ಕೂ ವ್ಯತ್ಯಾಸ

2016ರ ಡಿಸೆಂಬರಿನಲ್ಲಿ ಸೈಫ್ ಅಲಿ ಖಾನ್ ಮತ್ತು ಕರೀನಾ ಕಪೂರ್ ಮಗನಿಗೆ ತೈಮೂರ್ ಅಂತ ಹೆಸರಿಟ್ಟಾಗಲೂ ಇಂಥದ್ದೇ ಗದ್ದಲ ಎದ್ದಿತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರಿದ್ದಾರೆ. ಆದರೆ ಕಾರಣಗಳು ಬೇರೆ. ತೈಮೂರ್ ಎಂದರೆ ತುರ್ಕಿ ಮೂಲದಲ್ಲಿ ಕಬ್ಬಿಣ. ಆಗ ಯಾರೂ ಕಬ್ಬಿಣದ ಬಗ್ಗೆ ತಕರಾರು ತೆಗೆಯಲಿಲ್ಲ. 1398ರಲ್ಲಿ ದೆಹಲಿಯನ್ನು ಸೂರೆ ಮಾಡಿದ ದಾಳಿಕೋರನ ನೆನಪು ಜನರನ್ನು ಕೆರಳಿಸಿತು. ಅಲ್ಲಿ ಹೆಸರಿನ ಹಿಂದೆ ಒಬ್ಬ ವ್ಯಕ್ತಿ ಇದ್ದ, ಒಂದು ಘಟನೆ ಇತ್ತು.

ದುವಾ ಹಿಂದೆ ಯಾವ ರಾಜನೂ ಇಲ್ಲ, ಯುದ್ಧವೂ ಇಲ್ಲ. ತಕರಾರು ಬಂದದ್ದು ಪದ ಯಾವ ಭಾಷೆಯದ್ದು ಎಂಬುದಕ್ಕೆ. ಎಂಟು ವರ್ಷಗಳಲ್ಲಿ ವಿರೋಧದ ಗಡಿ ವ್ಯಕ್ತಿಯಿಂದ ಪದಕ್ಕೆ ಜರುಗಿದೆ ಅನ್ನಬಹುದು. ಇದು ಸಣ್ಣ ಬದಲಾವಣೆ ಅಲ್ಲ. ಭಾಷೆಯ ಪದಗಳನ್ನೇ ಧರ್ಮದ ಲೆಕ್ಕದಲ್ಲಿ ವಿಂಗಡಿಸಲು ಹೊರಟರೆ ಕನ್ನಡಕ್ಕೂ ಕಷ್ಟ ಇದೆ.

ಫಕ್ಕೀರವ್ವ, ಹುಸೇನಮ್ಮ, ಗುಲಾಬಿ

ರೈತ ಪದ ಅರಬ್ಬಿ ಮೂಲದ್ದು. ಜಿಲ್ಲೆ, ತಾಲ್ಲೂಕು, ವಕೀಲ, ಅರ್ಜಿ ಇವೂ ಅಷ್ಟೇ. ಇವನ್ನು ಬಿಟ್ಟು ಒಂದು ದಿನ ಮಾತಾಡಿ ನೋಡಿ, ಆಗುವುದಿಲ್ಲ. ‘ಆದರೆ ಅವು ಹೆಸರುಗಳಲ್ಲವಲ್ಲ’ ಅನ್ನಬಹುದು. ಸರಿ, ಹೆಸರುಗಳನ್ನೇ ನೋಡೋಣ.

ಕರಾವಳಿಯಲ್ಲಿ ಹಿರಿಯ ತಲೆಮಾರಿನ ಎಷ್ಟೋ ಹೆಂಗಸರ ಹೆಸರು ಗುಲಾಬಿ. ಪಾರಸಿಯಲ್ಲಿ ಗುಲ್ ಅಂದರೆ ಹೂ, ಆಬ್ ಅಂದರೆ ನೀರು. ಹೆಸರು ಪಾರಸಿ ಅಂತ ಯಾವ ಗುಲಾಬಿ ಅಕ್ಕನನ್ನೂ ಯಾರೂ ಪ್ರಶ್ನೆ ಮಾಡಿಲ್ಲ. ಗದಗ ಜಿಲ್ಲೆಯ ಶಿರಹಟ್ಟಿಗೆ ಹೋಗಿ. ಅಲ್ಲಿನ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಆ ಸೀಮೆಯಲ್ಲಿ ಹಿಂದೂ ಮನೆಗಳಲ್ಲೇ ಫಕ್ಕೀರಪ್ಪ, ಫಕ್ಕೀರವ್ವ ಇದ್ದಾರೆ. ಫಕೀರ್ ಅಚ್ಚ ಅರಬ್ಬಿ ಪದ. ಮೊಹರಮ್ಮಿನಲ್ಲಿ ಊರಿಗೆ ಊರೇ ಅಲಾಯಿ ಕುಣಿಯುವ ರಾಯಚೂರು, ಕೊಪ್ಪಳದ ಕಡೆ ಹುಸೇನಪ್ಪ, ಹುಸೇನಮ್ಮ ಇದ್ದಾರೆ. ಮಕ್ಕಳಾಗಲಿ ಎಂದು ಹರಕೆ ಹೊತ್ತು, ಹುಟ್ಟಿದ ಮಗುವಿಗೆ ಆ ದೇವರ ಹೆಸರೇ ಇಟ್ಟದ್ದು. ಅಂದರೆ ಇವೂ ಪ್ರಾರ್ಥನೆಗೆ ಸಿಕ್ಕ ಉತ್ತರಗಳೇ.

ಹಾಗಾದರೆ ಫಕ್ಕೀರವ್ವ ನಮ್ಮವಳಾಗಿ ಕೇಳಿಸಿ ದುವಾ ಹೊರಗಿನವಳಾಗಿ ಕೇಳಿಸುವುದು ಯಾಕೆ? ಒಂದು ಕಾರಣ ‘ಅವ್ವ’. ಯಾವ ಪದ ಬಂದರೂ ಅದಕ್ಕೆ ಒಂದು ಅವ್ವ, ಅಮ್ಮ, ಅಕ್ಕ ಹಚ್ಚಿದರೆ ಕನ್ನಡದ ಕಿವಿಗೆ ಅದು ಮನೆಯ ಹೆಸರಾಗಿಬಿಡುತ್ತದೆ. ಇನ್ನೊಂದು ಕಾರಣ, ಫಕ್ಕೀರವ್ವನ ಹಿಂದೆ ಒಂದು ಊರಿದೆ, ಒಂದು ಗದ್ದುಗೆ ಇದೆ. ದುವಾ ಬಂದದ್ದು ಹಾಡಿನಿಂದ, ಪರದೆಯಿಂದ. ಈ ವ್ಯತ್ಯಾಸವನ್ನು ವಿರೋಧಿಸುವವರು ಎತ್ತಿದರೆ ಅದಕ್ಕೆ ಬೆಲೆ ಕೊಡಬೇಕು. ಆದರೆ ಅವರು ಎತ್ತಿದ್ದು ಇದನ್ನಲ್ಲ. ‘ಅರಬ್ಬಿ’ ಅನ್ನುವುದನ್ನು ಮಾತ್ರ.

ಇಷ್ಟರ ನಡುವೆ ಕನ್ನಡ ಭಾಷೆ ತನ್ನ ಕೆಲಸ ತಾನು ಮಾಡಿ ಮುಗಿಸಿದೆ. ಹಿಂದಿ, ಉರ್ದುವಿನ ಉಚ್ಚಾರದಲ್ಲಿ ಆ ಪದ ‘ದು’ ಆದಮೇಲೆ ‘ಆ’. ನಡುವೆ ವ್ಯಂಜನ ಇಲ್ಲ. ಕನ್ನಡದ ನಾಲಿಗೆಗೆ ಹೀಗೆ ಎರಡು ಸ್ವರ ಒಟ್ಟಿಗೆ ಬಂದರೆ ತಡವರಿಸುತ್ತದೆ. ಗುರು ಮತ್ತು ಅನ್ನು ಸೇರಿ ಗುರುವನ್ನು ಆಗುವಾಗ ನಡುವೆ ಒಂದು ವ ನುಸುಳುತ್ತದಲ್ಲ, ಹೈಸ್ಕೂಲಿನಲ್ಲಿ ಓದಿದ ಆಗಮ ಸಂಧಿ, ಇಲ್ಲೂ ಅದೇ ವ ಬಂದು ಕೂತಿದೆ. ದುಆ ಹೋಗಿ ದುವಾ ಆಗಿದೆ.

ಹಳೆಯ ಶಾಸ್ತ್ರ ಕೇಳಿದ್ದೇನು

‘ನಮ್ಮ ಶಾಸ್ತ್ರದ ಪ್ರಕಾರ ಹೆಸರಿಡಬೇಕು’ ಎಂಬ ಮಾತು ಇಂಥ ಚರ್ಚೆಯಲ್ಲಿ ಬಂದೇ ಬರುತ್ತದೆ. ಹಾಗಾಗಿ ಶಾಸ್ತ್ರ ಏನು ಹೇಳುತ್ತದೆ ಅಂತ ನೋಡುವುದು ಒಳ್ಳೆಯದು. ಮನುಸ್ಮೃತಿಯ 2ನೇ ಅಧ್ಯಾಯದ 33ನೇ ಶ್ಲೋಕ ಹೆಣ್ಣಿನ ಹೆಸರಿನ ಬಗ್ಗೆ ಇದೆ. ಸುಲಭವಾಗಿ ಉಚ್ಚರಿಸುವಂತಿರಬೇಕು, ಕ್ರೂರವಾಗಿರಬಾರದು, ಅರ್ಥ ಸ್ಪಷ್ಟವಾಗಿರಬೇಕು, ಮನಸ್ಸಿಗೆ ಹಿತವಾಗಿರಬೇಕು, ಮಂಗಳಕರವಾಗಿರಬೇಕು, ದೀರ್ಘ ಸ್ವರದಲ್ಲಿ ಮುಗಿಯಬೇಕು, ಅದರಲ್ಲಿ ಆಶೀರ್ವಾದದ ಪದ ಇರಬೇಕು.

ಈ ಪಟ್ಟಿಯನ್ನು ಹಿಡಿದು ದುವಾ ಹೆಸರನ್ನು ಪರೀಕ್ಷೆ ಮಾಡಿ. ಉಚ್ಚಾರ ಸುಲಭ. ಅರ್ಥ ಸ್ಪಷ್ಟ. ಕೊನೆಗೆ ದೀರ್ಘ ಸ್ವರ. ಆಶೀರ್ವಾದದ ಪದವೇ ಹೆಸರು. ಒಂದೊಂದಾಗಿ ಎಲ್ಲದಕ್ಕೂ ಪಾಸು. ಅಷ್ಟೇ ಅಲ್ಲ, ಪಂಚಾಂಗದ ನಕ್ಷತ್ರಾಕ್ಷರಗಳಲ್ಲಿ ‘ದು’ ಉತ್ತರಾಭಾದ್ರದ ಮೊದಲ ಪಾದದ ಅಕ್ಷರ.

ಅದೇ ಗ್ರಂಥದ 3ನೇ ಅಧ್ಯಾಯದ 9ನೇ ಶ್ಲೋಕ ಇನ್ನೊಂದು ಮಾತು ಹೇಳುತ್ತದೆ: ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವಿನ ಹೆಸರಿರುವ ಹುಡುಗಿಯನ್ನು ಮದುವೆಯಾಗಬೇಡ. ಹಾಗಾದರೆ ರೋಹಿಣಿ, ರೇವತಿ, ಕಾವೇರಿ, ತುಂಗಾ, ವಿಂಧ್ಯಾ, ಕೋಕಿಲಾ, ನಾಗಮ್ಮ? ಅರ್ಧ ಕರ್ನಾಟಕದ ಹೆಣ್ಣುಮಕ್ಕಳು ಮದುವೆ ಇಲ್ಲದೆ ಉಳಿಯಬೇಕಿತ್ತು. ಈ ನಾಡು ಆ ಶ್ಲೋಕಕ್ಕೆ ಕಿವಿಗೊಡಲಿಲ್ಲ. ಕಾವೇರಿ ಕಂಡ ಜನ ಮಗಳಿಗೆ ಕಾವೇರಿ ಅಂತಲೇ ಇಟ್ಟರು.

ಈ ಎರಡು ಶ್ಲೋಕಗಳಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಗಂಡಿನ ಹೆಸರಿಗೆ ಆ ಪಠ್ಯ ಕೇಳುವುದು ಅವನ ವರ್ಣಕ್ಕೆ ತಕ್ಕ ಗುಣ: ಮಂಗಳ, ಬಲ, ಧನ ಹೀಗೆ. ಹೆಣ್ಣಿನ ಹೆಸರಿಗೆ ಕೇಳುವುದು ಕರೆಯುವವರಿಗೆ ಹಿತವಾಗಿರಲಿ ಅಂತ. ಅವನ ಹೆಸರು ಅವನು ಏನು ಅಂತ ಹೇಳಬೇಕು, ಅವಳ ಹೆಸರು ಬೇರೆಯವರ ಕಿವಿಗೆ ಇಂಪಾಗಬೇಕು. ಹೆಣ್ಣು ಮಗುವಿನ ಹೆಸರಿನ ಬಗ್ಗೆ ಇವತ್ತಿಗೂ ದಾರಿಹೋಕರಿಗೆಲ್ಲ ಒಂದು ಅಭಿಪ್ರಾಯ ಇರುವುದರ ಬೇರು ಇಲ್ಲೇ ಎಲ್ಲೋ ಇದೆ ಅನ್ನಿಸುತ್ತದೆ.

ಹೆಸರೇ ತಾತ್ಕಾಲಿಕ ಎಂಬ ಭಾವನೆಯೂ ಇತ್ತು. ಕೊಂಕಣಿ, ಮರಾಠಿ ಮಾತಾಡುವ ಹಲವು ಮನೆಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದ ತುದಿಯಿಂದ ಸೊಸೆಯ ಹೊಸ ಹೆಸರು ಬರೆಯುವ ಪದ್ಧತಿ ಇದೆ. ತವರಿನವರು ನಕ್ಷತ್ರ ನೋಡಿ, ಜಗಳವಾಡಿ, ಕಿವಿಯಲ್ಲಿ ಹೇಳಿ ಇಟ್ಟ ಹೆಸರು ಆ ಅಕ್ಕಿಯ ಕೆಳಗೆ ಹೋಗುತ್ತದೆ.

ಕೂಗುವ ಹೆಸರು, ಟೈಪ್ ಮಾಡುವ ಹೆಸರು

ಸದ್ದಿನ ವಿಷಯಕ್ಕೆ ಬರೋಣ. 2001ರಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಒಂದು ಪ್ರಯೋಗದ ಬಗ್ಗೆ ಬರೆದರು. ಎರಡು ಆಕಾರ ತೋರಿಸಬೇಕು. ಒಂದು ದುಂಡಗೆ ಉಬ್ಬಿದ್ದು, ಇನ್ನೊಂದು ಮುಳ್ಳುಮುಳ್ಳಾಗಿರುವುದು. ಇವುಗಳಲ್ಲಿ ಬೂಬಾ ಯಾವುದು, ಕಿಕಿ ಯಾವುದು ಅಂತ ಕೇಳಬೇಕು. ನೂರಕ್ಕೆ ಸುಮಾರು 95 ಜನ ದುಂಡಗಿನದಕ್ಕೆ ಬೂಬಾ, ಮುಳ್ಳಿನದಕ್ಕೆ ಕಿಕಿ ಅಂದರು. ಪದಗಳಿಗೆ ಅರ್ಥವೇ ಇಲ್ಲ. ಆದರೂ ಸದ್ದು ಒಂದು ಆಕಾರ ಹೊತ್ತು ತರುತ್ತದೆ.

ಈಗ ಕನ್ನಡದ ಹೆಣ್ಣು ಹೆಸರುಗಳ ಸದ್ದು ಕೇಳಿ. ಸಾವಿರ ವರ್ಷಗಳ ಹಿಂದೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ. ಪಂಪನ ತಾಯಿ ಅಬ್ಬಣಬ್ಬೆ. 12ನೇ ಶತಮಾನದ ವಚನಕಾರ್ತಿಯರಲ್ಲಿ ಸತ್ಯಕ್ಕ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ. ಆಮೇಲೆ ಕೆಂಚಮ್ಮ, ಯಲ್ಲವ್ವ, ದುರಗವ್ವ, ಪುಟ್ಟಮ್ಮ. ಎಲ್ಲದರಲ್ಲೂ ಒಂದು ಒತ್ತಕ್ಷರ, ನಾಲಿಗೆಗೋ ತುಟಿಗೋ ಒಂದು ಗಟ್ಟಿ ಕೆಲಸ. ಇವು ಕೂಗುವ ಹೆಸರುಗಳು. ಹೊಲದ ಈ ಬದುವಿನಿಂದ ಆ ಬದುವಿಗೆ ‘ಯಲ್ಲವ್ವಾ’ ಎಂದರೆ ಗಾಳಿಯಲ್ಲೂ ಹರಿದುಹೋಗದೆ ಮುಟ್ಟುತ್ತದೆ. ಹೆಸರಿನಲ್ಲೇ ಒಂದು ಸಂಬಂಧವೂ ಇದೆ. ಮೂರು ದಿನದ ಕೂಸನ್ನೂ ಅವ್ವ ಅಂತಲೇ ಕರೆಯುವುದು.

ಇವತ್ತಿನ ಹೆಸರುಗಳು ಆನ್ವಿ, ಸಾನ್ವಿ, ಇರಾ, ಆಯ್ರಾ, ಮೈರಾ, ಕಿಯಾರಾ. ಯ, ರ, ವ, ನ ಇಂಥ ಜಾರುವ ಅಕ್ಷರಗಳು, ಉದ್ದನೆಯ ಸ್ವರಗಳು. ಎರಡೋ ಮೂರೋ ಅಕ್ಷರಕ್ಕೆ ಮುಗಿಯುತ್ತವೆ. ಕೂಗಿದರೆ ಗಾಳಿಯಲ್ಲಿ ಕರಗಿಹೋಗುತ್ತವೆ. ಪರವಾಗಿಲ್ಲ, ಯಾಕೆಂದರೆ ಇವುಗಳನ್ನು ಕೂಗುವ ಅಗತ್ಯವೇ ಇಲ್ಲ. ಇವು ಟೈಪ್ ಮಾಡುವ ಹೆಸರುಗಳು. ಬೆಂಗಳೂರಿನ ಫ್ಲ್ಯಾಟಿನಲ್ಲೂ ಸರಿ, ಡಲ್ಲಾಸಿನ ಶಾಲೆಯಲ್ಲೂ ಸರಿ, ಇಂಗ್ಲಿಷ್ ಟೀಚರ್ ತಪ್ಪಿಲ್ಲದೆ ಹೇಳುವಂತಿರಬೇಕು ಎಂಬ ಲೆಕ್ಕಾಚಾರ ಇವುಗಳ ಹಿಂದೆ ಇದೆ. ಬ್ಬೆ, ಕ್ಕ, ವ್ವ ಥರದ ಗಟ್ಟಿ ಒತ್ತಕ್ಷರ ಹೋಗಿದ್ದು, ಳ ಮತ್ತು ಣ ಹೋಗಿದ್ದು ಇದೇ ಕಾರಣಕ್ಕೆ.

ಈ ಬದಲಾವಣೆಯಲ್ಲಿ ನಷ್ಟ ಆದದ್ದು ಯಾರಿಗೆ? ಪುಟ್ಟಮ್ಮ, ಕೆಂಚಮ್ಮ ಎಂಬ ಹೆಸರು ಹೊತ್ತು ಕಾಲೇಜಿಗೆ ಬಂದ ಹುಡುಗಿಯರಿಗೆ. ಹೆಸರು ಕೇಳಿದ ಕೂಡಲೇ ಹಳ್ಳಿ, ಜಾತಿ, ಬಡತನ ಅಂತ ಎದುರಿನವರ ತಲೆಯಲ್ಲಿ ಚಿತ್ರ ಮೂಡುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರೇ ‘ಇದೇನು ಹೆಸರು’ ಎಂದು ತಿದ್ದಿ ಸಂಸ್ಕೃತದ ಹೆಸರು ಬರೆದುಕೊಂಡ ಕತೆಗಳು ಎಲ್ಲ ಊರಲ್ಲೂ ಇವೆ. ಹೆಸರು ಚೆಂದ ಮಾಡುವ ಹೆಸರಿನಲ್ಲಿ ಮನೆತನದ ಗುರುತು ಅಳಿಸಿದ್ದು ಅದು. ದುವಾ ಬಗ್ಗೆ ಬೇಸರ ಮಾಡಿಕೊಂಡವರು ಇದರ ಬಗ್ಗೆಯೂ ಒಂದು ಮಾತು ಆಡಿದ್ದರೆ ‘ನಮ್ಮ ಹೆಸರು ಉಳಿಯಲಿ’ ಎಂಬ ವಾದಕ್ಕೆ ತೂಕ ಬರುತ್ತಿತ್ತು.

ಅರ್ಥಗಳು ಹುಟ್ಟುವ ಜಾಗ

ನಕ್ಷತ್ರ 27, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಹಸ್ತಕ್ಕೆ ಸಿಗುವ ಅಕ್ಷರಗಳಲ್ಲಿ ಣ, ಠ ಕೂಡ ಇವೆ. ಆರಿದ್ರಾದಲ್ಲಿ ಘ, ಙ. ಙ ಅಕ್ಷರದಿಂದ ಹೆಣ್ಣು ಮಗುವಿಗೆ ಯಾವ ಹೆಸರು ಇಡುತ್ತೀರಿ? ಹಿಂದೆ ಪುರೋಹಿತರು ಹತ್ತಿರದ ಅಕ್ಷರಕ್ಕೆ ಜಾರಿಕೊಂಡು ಕೆಲಸ ಮುಗಿಸುತ್ತಿದ್ದರು. ಈಗ ಅಪ್ಪ ಅಮ್ಮ ಮೊಬೈಲ್ ತೆಗೆಯುತ್ತಾರೆ.

ಮಕ್ಕಳ ಹೆಸರಿನ ಜಾಲತಾಣಗಳಿಗೆ ಒಂದು ಗುಣವಿದೆ. ಯಾವ ಅಕ್ಷರ ಕೊಟ್ಟರೂ ಹೆಸರು ಸಿಗುತ್ತದೆ, ಯಾವ ಹೆಸರಿಗೂ ಅರ್ಥ ಇರುತ್ತದೆ. ಆ ಅರ್ಥ ಎಲ್ಲಿಂದ ಬಂತು ಅಂತ ಮಾತ್ರ ಇರುವುದಿಲ್ಲ. ಅದರಲ್ಲೂ ಹೆಣ್ಣು ಹೆಸರಿಗೆ ಸಿಗುವ ಅರ್ಥಗಳು ಬೆರಳೆಣಿಕೆಯಷ್ಟೇ: ಲಕ್ಷ್ಮಿ, ದುರ್ಗೆ, ರಾಜಕುಮಾರಿ, ದೇವರ ಉಡುಗೊರೆ, ಮುದ್ದಾದವಳು. ಮೈರಾ ಹೆಸರಿಗೆ ‘ಪ್ರಿಯವಾದವಳು’ ಅಂತ ಸಂಸ್ಕೃತದ ಲೇಬಲ್ ಅಂಟಿಸಿರುವುದನ್ನು ನೋಡಬಹುದು. ಅದು ಅಸಲಿಗೆ ಇಂಗ್ಲಿಷ್ ಕವಿಯೊಬ್ಬ ನಾಲ್ಕು ಶತಮಾನಗಳ ಹಿಂದೆ ತನ್ನ ಕವಿತೆಗಳಿಗಾಗಿ ಕಟ್ಟಿಕೊಂಡ ಹೆಸರು.

ಹಾಗಂತ ಇವಾರಾ ತಪ್ಪು ಹೆಸರು ಅಂತಲ್ಲ. ಅಪ್ಪ ಅಮ್ಮ ಒಂದು ಸದ್ದನ್ನು ಮೆಚ್ಚಿ ಅದಕ್ಕೊಂದು ಅರ್ಥ ಕೊಟ್ಟರೆ, ಅವರ ಮಗಳ ಮಟ್ಟಿಗೆ ಆ ಅರ್ಥವೇ ಸರಿ. ಹೊಸ ಪದಗಳು ಹೀಗೆಯೇ ಹುಟ್ಟುತ್ತವೆ. ತೊಂದರೆ ಇರುವುದು ‘ಸಂಸ್ಕೃತ’ ಎಂಬ ಮುದ್ರೆಯಲ್ಲಿ. ಆ ಮುದ್ರೆ ಇದ್ದರೆ ಹೆಸರನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಇಲ್ಲದಿದ್ದರೆ ಅಕ್ಷರ ಅಕ್ಷರವನ್ನೂ ಕೆದಕುತ್ತಾರೆ.

ಅಚ್ಚ ಕನ್ನಡದ ಹುಡುಕಾಟವೂ ಅಂದುಕೊಂಡಷ್ಟು ಸರಳ ಅಲ್ಲ. ಇಂಚರ ಎಷ್ಟು ಕನ್ನಡ ಅನ್ನಿಸುತ್ತದೆ! ಬಿಡಿಸಿದರೆ ಇನಿದು ಮತ್ತು ಸರ. ಆ ‘ಸರ’ ಸಂಸ್ಕೃತದ ಸ್ವರ. ಸಿರಿ ಕೂಡ ಶ್ರೀ ಪದದ ತದ್ಭವ. ಇಬ್ಬನಿ, ಚುಕ್ಕಿ ಸಿಗುತ್ತವೆ, ಈಚೆಗೆ ಅಲ್ಲಲ್ಲಿ ತೊಟ್ಟಿಲಿಗೂ ಬರುತ್ತಿವೆ.

ಹೆಸರು ಅದೇ, ಚಿತ್ರ ಬೇರೆ

ಸಿರಿ ಎಂದೆವಲ್ಲ. ತುಳುನಾಡಿನವರಿಗೆ ಅದು ಪಾಡ್ದನದ, ಅಂದರೆ ತುಳು ಜನಪದ ಕಥನಗೀತೆಯ, ನಾಯಕಿಯ ಹೆಸರು. ಗಂಡನ ದಬ್ಬಾಳಿಕೆಯನ್ನು ಒಪ್ಪದೆ ಮನೆ ಬಿಟ್ಟು ಹೊರಟವಳು, ಇಂದಿಗೂ ಸಿರಿಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಬರುವವಳು. 2011ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿ ತನ್ನ ಫೋನಿನ ಸಹಾಯಕಿಗೂ ಅದೇ ಹೆಸರು ತಂದಿತು. ಅವರದ್ದು ನಾರ್ವೆ ಕಡೆಯ ಸಿರಿ, ನಮ್ಮದಲ್ಲ. ಆದರೆ ಫೋನಿಗೆ ಆ ಭೇದ ತಿಳಿಯದು. ಮನೆಯಲ್ಲಿ ಮಗಳನ್ನು ಊಟಕ್ಕೆ ಕರೆದರೆ ಮೇಜಿನ ಮೇಲಿನ ಫೋನು ‘ಏನು ಬೇಕು’ ಅನ್ನುತ್ತದೆ.

ಸಿರಿ ಹೇಗೋ ಉಳಿದುಕೊಂಡಳು. ಅಲೆಕ್ಸಾಗೆ ಆ ಅದೃಷ್ಟ ಇರಲಿಲ್ಲ. ಅಮೆಜಾನ್ ಕಂಪನಿ ತನ್ನ ಮಾತಾಡುವ ಯಂತ್ರಕ್ಕೆ ಆ ಹೆಸರನ್ನು ಆರಿಸಿದ ಕಾರಣಗಳಲ್ಲಿ ಒಂದು ನೇರವಾಗಿ ಸದ್ದಿಗೆ ಸಂಬಂಧಿಸಿದ್ದು. ನಡುವಿನ ‘ಕ್ಸ’ ಗಡುಸಾಗಿ ಇರುವುದರಿಂದ ಯಂತ್ರ ಅದನ್ನು ಬೇರೆ ಮಾತಿನಿಂದ ಬೇರ್ಪಡಿಸಿ ಕೇಳಿಸಿಕೊಳ್ಳಬಲ್ಲದು. ಅಮೆರಿಕದಲ್ಲಿ 2015ರಲ್ಲಿ 6,000ಕ್ಕೂ ಹೆಚ್ಚು ಹೆಣ್ಣು ಮಕ್ಕಳಿಗೆ ಅಲೆಕ್ಸಾ ಎಂದು ಹೆಸರಿಟ್ಟಿದ್ದರು. 2020ರ ಹೊತ್ತಿಗೆ ಆ ಸಂಖ್ಯೆ ಸುಮಾರು 1,300ಕ್ಕೆ ಇಳಿಯಿತು. ಹೆಸರಿನ ಅರ್ಥದಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬದಲಾದದ್ದು, ಹೇಳಿದ ಕೆಲಸ ಮಾಡುವ ಹೆಣ್ಣು ದನಿ ಎಂಬ ಚಿತ್ರ. ಆ ಹೆಸರಿನ ಹುಡುಗಿಯರಿಗೆ ಎಲ್ಲರೂ ಆಜ್ಞೆ ಮಾಡಿ ನಗತೊಡಗಿದರು.

ಚಿತ್ರ ತಿರುಗಿ ಚೆಂದ ಆಗುವುದೂ ಉಂಟು. ಹೆಣ್ಣು ಹುಟ್ಟಿದ್ದು ಸಾಕು ಎಂದು ಸಾಕಮ್ಮ ಅಂತ ಇಡುತ್ತಿದ್ದರು ಎಂಬ ಮಾತಿದೆ. ಆದರೆ ಹಳೆಯ ಬೆಂಗಳೂರಿನವರಿಗೆ ಸಾಕಮ್ಮ ಅಂದರೆ ಬಸವನಗುಡಿಯ ಕಾಫಿಪುಡಿ ಸಾಕಮ್ಮ, ಹೆಣ್ಣುಮಕ್ಕಳು ವ್ಯಾಪಾರಕ್ಕೆ ಇಳಿಯದ ಕಾಲದಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿದವರು. ಎಲ್ಲ ಹೆಸರೂ ಹೀಗೆ ದಡ ಸೇರುವುದಿಲ್ಲ. ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಸಾ’, ಅಂದರೆ ಬೇಡವಾದವಳು, ಎಂಬ ಹೆಸರಿನ 285 ಹುಡುಗಿಯರಿಗೆ 2011ರಲ್ಲಿ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಅರ್ಥ ಸ್ಪಷ್ಟವಾಗಿರಬೇಕು ಎಂಬ ನಿಯಮಕ್ಕೆ ಆ ಹೆಸರು ಸರಿಯಾಗಿಯೇ ಇತ್ತು.

ಕಾಗದದ ಮೇಲೆ ಬರೆದರೆ

ಈ ಚರ್ಚೆಯಲ್ಲಿ ಜನರಿಗೆ ಗೊಂದಲ ಇರುವ ಇನ್ನೊಂದು ವಿಷಯ: ಹೆಸರಿನ ಬಗ್ಗೆ ಕೊನೆಯ ಮಾತು ಯಾರದ್ದು? ಭಾರತದಲ್ಲಿ ಒಪ್ಪಿತ ಹೆಸರುಗಳ ಸರ್ಕಾರಿ ಪಟ್ಟಿ ಇಲ್ಲ. ಐಸ್‌ಲ್ಯಾಂಡಿನಲ್ಲಿ ಹೊಸ ಹೆಸರುಗಳನ್ನು ಪರಿಶೀಲಿಸಲು ಒಂದು ಸಮಿತಿಯೇ ಇದೆ, ನಮ್ಮಲ್ಲಿ ಅಂಥದ್ದೇನೂ ಇಲ್ಲ. ಆದ್ದರಿಂದ ಅರಬ್ಬಿ ಪದ, ಸಂಸ್ಕೃತ ಪದ, ಕಟ್ಟಿದ ಪದ, ಯಾವುದಕ್ಕೂ ಕಾನೂನಿನ ತಡೆ ಇಲ್ಲ.

ತಡೆ ಬರುವುದು ಅಪ್ಪ ಅಮ್ಮ ಒಪ್ಪದೆ ಇದ್ದಾಗ. 2023ರಲ್ಲಿ ಕೇರಳ ಹೈಕೋರ್ಟಿಗೆ ಇಂಥದ್ದೇ ಒಂದು ಪ್ರಕರಣ ಬಂತು. ಹೆಣ್ಣು ಮಗುವಿಗೆ ಮೂರು ವರ್ಷ ದಾಟಿತ್ತು. ಬೇರೆ ಬೇರೆ ಇದ್ದ ಗಂಡ ಹೆಂಡತಿ ಒಂದೊಂದು ಹೆಸರು ಹಿಡಿದು ಕೂತಿದ್ದರು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ. ಶಾಲೆಯವರು ಆ ಪತ್ರ ನಡೆಯುವುದಿಲ್ಲ ಅಂದರು. ಕೊನೆಗೆ ನ್ಯಾಯಾಲಯ ತಾನೇ ಪಾಲಕನ ಸ್ಥಾನದಲ್ಲಿ ನಿಂತು, ಮಗುವಿನ ಹಿತ ನೋಡಿ, ತಾಯಿ ಹೇಳಿದ ಹೆಸರಿಗೆ ತಂದೆಯ ಹೆಸರನ್ನು ಸೇರಿಸಿ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ನಮ್ಮ ಹುಣಸೂರಿನ ಲೋಕ ಅದಾಲತ್‌ನಲ್ಲಿ ಒಂದು ಗಂಡು ಮಗುವಿನ ಹೆಸರಿನ ಜಗಳ ಹೀಗೆಯೇ ಬಗೆಹರಿಯಿತು. ಅಲ್ಲಿ ಅಪ್ಪ ಹೇಳಿದ್ದೂ ಆಗಲಿಲ್ಲ, ಅಮ್ಮ ಹೇಳಿದ್ದೂ ಆಗಲಿಲ್ಲ. ನ್ಯಾಯಾಧೀಶರು ಮೂರನೆಯದೊಂದು ಹೆಸರು ಸೂಚಿಸಿ, ಇಬ್ಬರಿಂದಲೂ ಹಾರ ಬದಲಾಯಿಸಿಸಿ ಮನೆಗೆ ಕಳಿಸಿದರು.

ಈ ಗೊಂದಲಗಳು ಮುಂದೆ ಜಾಸ್ತಿ ಆಗುವ ಸಾಧ್ಯತೆ ಇದೆ. ಕಾರಣ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ ಮರಣ ನೋಂದಣಿ ತಿದ್ದುಪಡಿ. ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರ್ಕಾರಿ ಕೆಲಸ, ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಜಾಗದ ಆಧಾರ ಜನನ ಪ್ರಮಾಣಪತ್ರವೇ. ಮೊದಲು ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಹೆಸರು ಇದ್ದರೂ ಹೇಗೋ ನಡೆಯುತ್ತಿತ್ತು. ಇನ್ನು ಅದು ಕಷ್ಟ. ಹೆಸರಿಲ್ಲದೆ ಜನನ ನೋಂದಣಿ ಮಾಡಿಸಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶವಿದೆ. ಒಮ್ಮೆ ಬರೆದದ್ದನ್ನು ಬದಲಾಯಿಸುವುದು ಮಾತ್ರ ದೊಡ್ಡ ಓಡಾಟ. ಸಂಖ್ಯಾಶಾಸ್ತ್ರ ನಂಬಿ ಸಾನ್ವಿಗೆ ಇಂಗ್ಲಿಷಿನಲ್ಲಿ ಇನ್ನೊಂದು ‘ಎ’ ಸೇರಿಸುವವರು, ಆ ಅಕ್ಷರ ಆಧಾರ್‌ನಲ್ಲೂ ಪಾಸ್‌ಪೋರ್ಟಿನಲ್ಲೂ ಹಾಗೆಯೇ ಬೀಳುವಂತೆ ಜೀವನವಿಡೀ ಕಾಯಬೇಕಾಗುತ್ತದೆ.

ಅಡ್ಡಹೆಸರಿನ, ಅಂದರೆ ಸರ್‌ನೇಮಿನ, ಲೆಕ್ಕವೂ ಬದಲಾಗುತ್ತಿದೆ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಗಂಡ ತೀರಿಕೊಂಡ ಮೇಲೆ ಮರುಮದುವೆಯಾದ ತಾಯಿ, ಮಗುವಿನ ಅಡ್ಡಹೆಸರು ಏನಿರಬೇಕು ಅಂತ ತಾನೇ ತೀರ್ಮಾನಿಸಬಹುದು, ಆಕೆ ಮಗುವಿನ ಸಹಜ ಪೋಷಕಿ ಎಂದಿತು. ನಮ್ಮಲ್ಲಿ ಇವತ್ತಿಗೂ ಹೆಚ್ಚಿನ ಮಕ್ಕಳ ಹೆಸರಿನ ಮುಂದೋ ಹಿಂದೋ ನಿಲ್ಲುವ ಇನಿಷಿಯಲ್ ಅಪ್ಪನದ್ದು.

ಆ ಲೆಕ್ಕದಲ್ಲಿ ದುವಾ ಪಡುಕೋಣೆ ಸಿಂಗ್ ಎಂಬ ಮೂರು ಪದಗಳಲ್ಲಿ ಅಪರೂಪದ್ದು ನಡುವಿನದು. ಪಡುಕೋಣೆ ಉಡುಪಿ ಜಿಲ್ಲೆಯ ಕುಂದಾಪುರ ಸೀಮೆಯ ಒಂದು ಹಳ್ಳಿ, ಮರವಂತೆಯ ಕಡಲಿಗೆ ಹತ್ತಿರ. ಪಡು ಅಂದರೆ ಕನ್ನಡದಲ್ಲಿ ಪಡುವಣ ದಿಕ್ಕು. ಅಮ್ಮನ ಕಡೆಯಿಂದ ಒಂದು ಊರು ಮಗಳ ಹೆಸರಿನೊಳಗೆ ಬಂದು ಕೂತಿದೆ. ಸಾವಿರಾರು ಕಾಮೆಂಟುಗಳು ಮೊದಲ ಎರಡು ಅಕ್ಷರದಲ್ಲೇ ನಿಂತವು. ಅದರ ಮುಂದಿನ ಪದದವರೆಗೆ ಓದಿದವರು ಕಡಿಮೆ.